ಸುಶಿಯ ಮಣೆಯೆದುರು ದಂಪತಿಗಳು

ದಂಪತಿಗಳು ಒಂದು ಸಂಜೆ ಮನೆಗೆಲಸವನ್ನೆಲ್ಲ ಬದಿಗಿರಿಸಿ, ಇಬ್ಬರೇ ಹೊರಗೆ ಹೋಗಿ ಊಟಮಾಡಿ ಬರುವ ಪದ್ಧತಿಯು ಈಗ ನಮ್ಮ ಪಟ್ಟಣಗಳಲ್ಲಿಯೂ ರೂಢಿಗೆ ಬಂದಿದೆ. ಹಿರಿಯರಲ್ಲಿ ಕೆಲವರು ಇದನ್ನು ದುಂದುಗಾರಿಕೆಯೆಂದು ಹಳಿಯುವುದುಂಟು. ಆದರೆ ಅಂತಹ ಸಂಜೆಗೆ ಯೋಗ್ಯವಾದ ಸ್ಥಳವು ಹೇಗಿರಬೇಕೆಂದು ವಿಚಾರಮಾಡುವವರು ಜಪಾನ್ ದೇಶದ ಪುಟ್ಟ ಸುಶಿ ಅಂಗಡಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಗೃಹಸ್ಥಾಶ್ರಮಕ್ಕೂ ಅದರಲ್ಲೊಂದು ಪಾಠವಿದೆ.

ಸುಶಿ ಎಂಬ ಶಬ್ದದ ಮೂಲಾರ್ಥವು ಹುಳಿ. ಪೂರ್ವದಲ್ಲಿ ಉಪ್ಪು ಹಚ್ಚಿದ ಮೀನನ್ನು ಅನ್ನದಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಹುಳಿಬರಿಸಿ, ಕೆಡದಂತೆ ಕಾಪಾಡುತ್ತಿದ್ದರು. ಬಿವಾ ಸರೋವರದ ಪ್ರಾಂತದಲ್ಲಿ ಈ ಕ್ರಮವು ಇಂದಿಗೂ ಉಳಿದಿದೆ. ವಿನಿಗರ್ ಮತ್ತು ಉಪ್ಪು ಬೆರೆಸಿದ ಅನ್ನವನ್ನು ಕೈಯಲ್ಲಿ ಹದವಾಗಿ ಒತ್ತಿ, ಮೇಲೆ ಮೀನಿನ ತುಣುಕನ್ನಿರಿಸಿ, ಒಡನೆಯೇ ತಿನ್ನಲು ಕೊಡುವ ಈಗಿನ ವಿಧವು 1820ರ ದಶಕದಲ್ಲಿ ಎದೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಪ್ರಚಾರಕ್ಕೆ ಬಂದಿತು. ಹನಾಯಾ ಯೋಹೇ (1799–1858) ಎಂಬವನ ಹೆಸರನ್ನು ಇದರೊಡನೆ ಸೇರಿಸಿ ಹೇಳುವ ವಾಡಿಕೆಯಿದೆ. ಆಗ ಅದು ಬೀದಿಬದಿಯ ಗೂಡಂಗಡಿಗಳಲ್ಲಿ ನಿಂತು ತಿನ್ನುವ ತಿನಿಸಾಗಿತ್ತು.

ಅದೇ ತಿನಿಸಿಗೆ ಇಂದು ಮೀಸಲಾಗಿರುವ ಒಳ್ಳೆಯ ಅಂಗಡಿಗಳು ಬಹುಮಟ್ಟಿಗೆ ಚಿಕ್ಕವು. ಉದ್ದನೆಯದೊಂದು ಮರದ ಹಲಗೆ, ಅದರ ಈಚೆಗೆ ಎಂಟೋ ಹತ್ತೋ ಆಸನಗಳು, ಆಚೆಗೆ ಪಾಚಕನು. ಅವನನ್ನು ಇತಮಾಯೆ ಎನ್ನುತ್ತಾರೆ. ಮಣೆಯ ಮುಂದಿರುವವನು ಎಂದು ಅದರ ಅರ್ಥ. 'ಒಮಕಾಸೆ' ಎಂದರೆ 'ತಮಗೇ ಬಿಟ್ಟಿದೆ' ಎಂದು. ಹಾಗೆಂದ ಮೇಲೆ ಅತಿಥಿಗಳು ಏನನ್ನೂ ಆರಿಸುವ ಕೆಲಸವಿಲ್ಲ. ಗಂಡಹೆಂಡಿರು ಎದುರುಬದುರಾಗಿ ಅಲ್ಲ, ಭುಜಕ್ಕೆ ಭುಜ ತಾಗುವಂತೆ ಅಕ್ಕಪಕ್ಕದಲ್ಲಿ ಕುಳಿತು, ಒಂದೇ ಕೈಚಳಕವನ್ನು ನೋಡುತ್ತ ಮೆಲುದನಿಯಲ್ಲಿ ಮಾತನಾಡುವರು.

ಅನ್ನವು ಮೈಶಾಖದಷ್ಟು ಬೆಚ್ಚಗಿರುವಾಗಲೇ ಸುಶಿಯನ್ನು ತಿನ್ನಬೇಕು. ಕೈಯಿಂದ ತಿಂದರೂ ದೋಷವಿಲ್ಲ. ತಡಮಾಡಿದರೆ ರುಚಿ ಇಳಿಯುವುದು. ನಮ್ಮ ದೋಸೆಯ ಧರ್ಮವೂ ಇದೇ ಅಲ್ಲವೆ? ಆದರೆ ನಮ್ಮಲ್ಲಿ ನಡೆಯುವುದೇನು? ಗರಿಗರಿಯಾದ ದೋಸೆಯು ಎಲ್ಲರ ತಟ್ಟೆಗೂ ಹೋಗುತ್ತದೆ; ಹುಯ್ಯುವ ಗೃಹಿಣಿಯು ಮಾತ್ರ ಎಲ್ಲರೂ ಎದ್ದ ಬಳಿಕ, ಕಡೆಯ ಹಿಟ್ಟನ್ನು ಹುಯ್ದುಕೊಂಡು ಒಬ್ಬಳೇ ತಿನ್ನುತ್ತಾಳೆ. ಸಪ್ತಪದಿಯ ಏಳನೆಯ ಹೆಜ್ಜೆಯನ್ನು ಸಖ್ಯಕ್ಕಾಗಿ ಇಟ್ಟ ದಂಪತಿಗಳು ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ, ಬಿಸಿಯಾದ ಒಂದು ತುತ್ತನ್ನು ಒಂದೇ ಕ್ಷಣದಲ್ಲಿ ಸವಿಯದೆ ಕಳೆಯುವುದುಂಟು.

ಟೋಕಿಯೋದ ಗಿಂಜಾ ಭಾಗದಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, 1925ರಲ್ಲಿ ಹುಟ್ಟಿದ ಜಿರೋ ಓನೋ ಎಂಬವರು 1965ರಲ್ಲಿ ತೆರೆದ 'ಸುಕಿಯಾಬಾಶಿ ಜಿರೋ' ಎಂಬ ಅಂಗಡಿಯಿದೆ. ಅಲ್ಲಿ ಮಣೆಯೆದುರು ಇರುವುದು ಹತ್ತೇ ಆಸನಗಳು. 2011ರಲ್ಲಿ ಅವರನ್ನು ಕುರಿತು ತೆಗೆದ ಸಾಕ್ಷ್ಯಚಿತ್ರದಲ್ಲಿ ಒಂದು ಸಂಗತಿ ಕಾಣಬರುತ್ತದೆ. ಅತಿಥಿಯು ಎಡಗೈಯವನೆಂದು ತಿಳಿದೊಡನೆ ಸುಶಿಯನ್ನು ಎಡಕ್ಕೆ ಇಡುವರು. ಊಟದ ಗತಿ ಕೆಡದಿರಲೆಂದು ಸ್ತ್ರೀಯರಿಗೆ ತುಸು ಚಿಕ್ಕದಾಗಿ ಮಾಡುವರು. ಗಾತ್ರದ ಲೆಕ್ಕವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಹಸಿವು ಸ್ತ್ರೀಪುರುಷಭೇದವನ್ನು ಎಣಿಸದು. ಆದರೆ ಊಟದಲ್ಲಿ ಯಾರೂ ಹಿಂದೆ ಬೀಳಬಾರದೆಂಬ ಅದರ ಉದ್ದೇಶವು ಸ್ಮರಣೀಯವಾದುದು. ಅಲ್ಲಿನ ಭೋಜನವಾದರೋ ಅತಿಶೀಘ್ರವಾದುದೆಂದು ಪ್ರಸಿದ್ಧಿ. ಸಾವಕಾಶವಾಗಿ ಮಾತನಾಡಬಯಸುವವರಿಗೆ ಯಾವುದಾದರೂ ಕೇರಿಯ ಸಾಮಾನ್ಯ ಅಂಗಡಿಯೇ ಮೇಲು. ಅಲ್ಲಿಗೆ ಹೋಗುವವರು ಘಾಟಾದ ಸುಗಂಧದ್ರವ್ಯವನ್ನು ಪೂಸಿಕೊಳ್ಳಬಾರದು. ನೆರೆಯವರ ರುಚಿಯನ್ನು ಅದು ಕೆಡಿಸುವುದು.

ಬೆಂಗಳೂರಿನಲ್ಲಿಯೂ ಈಗ ಸುಶಿಯು ದೊರೆಯುತ್ತದೆ. ಶಾಕಾಹಾರಿಗಳಿಗೆ ಸೌತೆಕಾಯಿಯನ್ನಿಟ್ಟು ಸುತ್ತಿದ 'ಕಪ್ಪಾ ಮಕಿ' ಯೋಗ್ಯವಾದುದು. ಒಣಗಿಸಿದ ಸೋರೆಕಾಯಿಯ ಪಟ್ಟಿಗಳಿಂದ ಮಾಡಿದುದೂ, ಸೋಯಾಗಿಣ್ಣಿನ ಚೀಲದಲ್ಲಿ ಅನ್ನ ತುಂಬಿದುದೂ ಉಂಟು. ಆದರೆ ಇವನ್ನು ಅನೇಕವೇಳೆ ಮೀನಿನ ಸಾರಿನಲ್ಲಿ ಬೇಯಿಸುವುದರಿಂದ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ಆದರೆ ಈ ಸುಖಕ್ಕೆ ಟೋಕಿಯೋ ಬೇಡ, ಹಣದ ವೆಚ್ಚವೂ ಬೇಡ. ಮನೆಯಲ್ಲಿ ಬೆಳೆದ ಮಗನೋ ಮಗಳೋ ಇದ್ದರೆ ಒಂದು ಸಂಜೆ ಕಾವಲಿಯ ಮುಂದೆ ನಿಲ್ಲಲಿ. ತಾಯಿಯನ್ನು ಒಲೆಯ ಬಳಿಯಿಂದ ಎಬ್ಬಿಸಿ, ತಂದೆಯ ಪಕ್ಕದಲ್ಲಿ ಕುಳ್ಳಿರಿಸಿ, ಇಬ್ಬರ ತಟ್ಟೆಗೂ ಬಿಸಿದೋಸೆಯನ್ನು ಸರಿಸಮವಾಗಿ ಬಡಿಸಲಿ. ತಾಯಿಯು ಮೊದಲು ಸಂಕೋಚದಿಂದ ಏಳಲು ಹವಣಿಸುವಳು, ಏಳಗೊಡಬಾರದು.