ಪತಂಗದ ಪಕ್ಕ ಗಿಡವೇಕೆ?

ಪ್ರಶ್ನೆ: ಯುರೋಪಿನ ಹಳೆಯ ಪತಂಗದ ಚಿತ್ರಗಳಲ್ಲಿ ಗಿಡವೂ ಇರುತ್ತದೆ. ಅದು ಬರೀ ಅಂದಕ್ಕೋ? ಆಗಲೇ ಬಣ್ಣದ ಮುದ್ರಣ ಇತ್ತೇ?

ಉತ್ತರ: ಅಂದಕ್ಕಷ್ಟೇ ಅಲ್ಲ, ಅದು ಹುಳುವಿನ ಊಟ. ಈ ಕ್ರಮಕ್ಕೆ ಗಟ್ಟಿ ನೆಲೆ ಕೊಟ್ಟವರು 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್. ಹುಳುಗಳು ಕೊಳಕಿನಿಂದ ತಾವಾಗಿಯೇ ಹುಟ್ಟುತ್ತವೆಂದು ಬಹಳ ಜನ ನಂಬಿದ್ದ ಕಾಲದಲ್ಲಿ ಅವರು ಕಂಬಳಿಹುಳುಗಳನ್ನು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆಂದು ಬರೆದಿಟ್ಟರು. 1679ರ ಅವರ ಪುಸ್ತಕದ 50 ಚಿತ್ರಗಳಲ್ಲಿ ಮೊದಲನೆಯದೇ ಹಿಪ್ಪುನೇರಳೆ ಮತ್ತು ರೇಷ್ಮೆಹುಳು: ಮೊಟ್ಟೆ, ಹುಳು, ಗೂಡು, ಪತಂಗ ಎಲ್ಲವೂ ಒಂದೇ ಹಾಳೆಯಲ್ಲಿ. ರಾಮನಗರದ ರೇಷ್ಮೆ ಬೆಳೆಗಾರರು ಕಂಡರೆ ಕೂಡಲೇ ಗುರುತಿಸಿಯಾರು. ಮುಂದೆ 1699ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. ಎಂಥ ಧೈರ್ಯ! ಅದರ ಫಲವೇ 60 ಚಿತ್ರಗಳ 1705ರ ಗ್ರಂಥ.

ಇನ್ನು ಬಣ್ಣ. ಅಚ್ಚಾಗುತ್ತಿದ್ದುದು ಕಪ್ಪು ಗೆರೆ ಮಾತ್ರ. ತಾಮ್ರದ ತಗಡಿನಲ್ಲಿ ಕೊರೆದ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತುವುದು. ಆಮೇಲೆ ಕುಂಚದಿಂದ ಒಂದೊಂದೇ ಪ್ರತಿಗೆ ಬಣ್ಣ. ಕೆಲವು ಪ್ರತಿಗಳಿಗೆ ಮೆರಿಯನ್ ಇನ್ನೊಂದು ಉಪಾಯ ಮಾಡಿದರು. ಅಚ್ಚಾದ ಹಾಳೆಯ ಮಸಿ ಆರುವ ಮುನ್ನ ಅದರ ಮೇಲೆ ಮತ್ತೊಂದು ಹಾಳೆಯಿಟ್ಟು ಒತ್ತಿಸಿದರು. ಆ ಎರಡನೆಯ ಹಾಳೆಯಲ್ಲಿ ಗೆರೆ ಮಸುಕು. ಬಣ್ಣ ಹಚ್ಚಿದರೆ ಕೈಯಲ್ಲೇ ಬರೆದ ಚಿತ್ರದಂತೆ ಕಾಣುತ್ತದೆ. ಪ್ರತಿಯಿಂದ ಪ್ರತಿಗೆ ಬಣ್ಣ ಬದಲಾಗುವುದರಿಂದ, ಬರೀ ಬಣ್ಣ ನೋಡಿ ಪತಂಗದ ಜಾತಿ ಹೇಳಬಾರದು.