ಕಾಳನ್ನೂ ಹೊಟ್ಟಾಗಿಸುವ ಗಾಳಿಪಟ

ಮಾಗಡಿ, ಕನಕಪುರದ ಕಡೆ ರಾಗಿ ಒಕ್ಕಣೆಯಾದ ಮೇಲೆ ಕಣದಲ್ಲಿ ಗಾಳಿಗೆ ಕಾಯುತ್ತಾರೆ. ಗಾಳಿ ಬೀಸತೊಡಗಿದ ಕೂಡಲೇ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಸಣ್ಣಗೆ ಅಲುಗಿಸುತ್ತ ತೂರಿದರೆ ಕಾಳು ನೇರವಾಗಿ ಕಾಲ ಬುಡಕ್ಕೆ ಸುರಿಯುತ್ತದೆ, ಹೊಟ್ಟು ಮಾರು ದೂರ ಹೋಗಿ ಬೀಳುತ್ತದೆ. ಎರಡಕ್ಕೂ ತಾಗಿದ್ದು ಒಂದೇ ಗಾಳಿ. ಹೊಟ್ಟಿಗೆ ತನ್ನ ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು, ಕಾಳಿಗೆ ಕಡಿಮೆ. ಗಾಳಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಈ ಲೆಕ್ಕವೇ ತೀರ್ಮಾನಿಸುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯ ಈ ಲೆಕ್ಕದಲ್ಲಿ ಅಪ್ಪಟ ಕಾಳು. ಆದರೆ ಅವನ ಕೈಗೆ ಎಂಟು ಚದರ ಮೀಟರಿನ ಪವರ್ ಕೈಟ್, ಅಂದರೆ ಮನುಷ್ಯನನ್ನೇ ಎಳೆದೊಯ್ಯಲೆಂದು ಮಾಡಿದ ದೊಡ್ಡ ಗಾಳಿಪಟ ಕೊಟ್ಟ ಕ್ಷಣ ಅವನು ಹೊಟ್ಟಿನ ಪಾಲಿಗೆ ಸೇರುತ್ತಾನೆ. ಇಂಥ ಪಟ ಹಾರಿಸುವವರು ಇದ್ದಕ್ಕಿದ್ದಂತೆ ನೆಲ ಬಿಟ್ಟು ಮೇಲೇಳುವುದನ್ನು ಬಿರುಗಾಳಿಯ ಅವಘಡ ಎಂದು ಹೇಳುವ ರೂಢಿಯಿದೆ. ನನಗೆ ಈ ವಿವರಣೆ ಒಪ್ಪಿಗೆಯಿಲ್ಲ. ಸಾಧಾರಣ ಗಾಳಿಯಲ್ಲೂ ಅದು ಆಗಬಲ್ಲದು. ಅದಕ್ಕೆ ಕಾರಣ ಪಟದ ಅಳತೆ, ಪಟದ ಓಟ, ಎಲ್ಲಕ್ಕಿಂತ ಮಿಗಿಲಾಗಿ ಕೈ ಬಿಡದ ದಾರ.

ಮನುಷ್ಯನನ್ನು ಪಟ ಎತ್ತಬಲ್ಲದು ಎಂಬುದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಮಾಸ್ತರರಾಗಿದ್ದ ಜಾರ್ಜ್ ಪೊಕಾಕ್ 1824ರಲ್ಲಿ ತಮ್ಮ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಪಟದಿಂದ ಮೇಲಕ್ಕೆ ಎತ್ತಿಸಿದ್ದರು. ಆಕೆಯೇ ಮುಂದೆ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಅವರ ತಾಯಿಯಾದಳು. ಆಸ್ಟ್ರೇಲಿಯಾದ ಸ್ಟ್ಯಾನ್‌ವೆಲ್ ಪಾರ್ಕ್ ಕಡಲತೀರದಲ್ಲಿ ಲಾರೆನ್ಸ್ ಹಾರ್ಗ್ರೇವ್ 1894ರ ನವೆಂಬರ್ 12ರಂದು ನಾಲ್ಕು ಪೆಟ್ಟಿಗೆ ಪಟಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ 16 ಅಡಿ ಮೇಲೇರಿದರು. ಅಂದಿನ ಗಾಳಿ ಗಂಟೆಗೆ ಸುಮಾರು 34 ಕಿ.ಮೀ., ಬಿರುಗಾಳಿಯೇನಲ್ಲ. ಇವೆಲ್ಲ ಬೇಕೆಂದೇ ಮಾಡಿದ ಪ್ರಯೋಗಗಳು. ಬೇಡದೆ ನಡೆದದ್ದು ತೈವಾನಿನ ಸಿಂಚು ನಗರದ ಗಾಳಿಪಟ ಉತ್ಸವದಲ್ಲಿ: 2020ರ ಆಗಸ್ಟ್ 30ರಂದು ಭಾರಿ ಪಟವೊಂದರ ಬಾಲಂಗೋಚಿ ಮೂರು ವರ್ಷದ ಹುಡುಗಿಯ ಮೈಗೆ ಸುತ್ತಿಕೊಂಡು ಮಗುವನ್ನು ಜನರ ತಲೆಗಳ ಮೇಲೆ ಎತ್ತೆತ್ತಿ ಬೀಸಿತು, ಕೆಳಗಿದ್ದವರು ಹಿಡಿದುಕೊಂಡಿದ್ದರಿಂದ ತರಚು ಗಾಯಗಳಲ್ಲೇ ಉಳಿಯಿತು. ಅದರ ಮರುವರ್ಷದ ಡಿಸೆಂಬರ್‌ನಲ್ಲಿ ಜಾಫ್ನಾದ ಪಾಯಿಂಟ್ ಪೆಡ್ರೊದಲ್ಲಿ ಆದದ್ದು ನಮ್ಮ ವಾದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ದೊಡ್ಡ ಪಟವೊಂದರ ಹಗ್ಗವನ್ನು ಹಲವರು ಒಟ್ಟಿಗೆ ಹಿಡಿದಿದ್ದರು. ಎಲ್ಲರ ತೂಕ ಸೇರಿದ್ದಾಗ ಪಟ ಅಂಕೆಯಲ್ಲೇ ಇತ್ತು. ಉಳಿದವರು ಹಗ್ಗ ಬಿಟ್ಟರು, ಒಬ್ಬ ಬಿಡಲಿಲ್ಲ. ಗಾಳಿ ಹಿಂದಿನ ಗಳಿಗೆಯಂತೆಯೇ ಬೀಸುತ್ತಿದ್ದಾಗ ಆ ಒಬ್ಬ ಸುಮಾರು 30 ಅಡಿ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದಿದ್ದ. ಬದಲಾದದ್ದು ಗಾಳಿಯಲ್ಲ, ಹಗ್ಗದ ಈ ತುದಿಯ ತೂಕ.

ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾವು ಆಷಾಢದಲ್ಲಿ ಹಾರಿಸುವ ಪಟಕ್ಕೆ ಬಿದಿರಿನ ಎರಡು ಕಡ್ಡಿ, ತೆಳು ಕಾಗದ, ಸೂತ್ರ, ಬಾಲಂಗೋಚಿ ಇದ್ದರೆ ಸಾಕು. ಪವರ್ ಕೈಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಗೆ ಕಡ್ಡಿಯೇ ಇಲ್ಲ. 1964ರಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್ ಅದರ ಮೂಲ: ಎರಡು ಪದರ ನೈಲಾನ್ ಬಟ್ಟೆ, ನಡುವೆ ಉದ್ದುದ್ದ ಬಟ್ಟೆಯ ಗೋಡೆಗಳು, ಮುಂದಿನ ಅಂಚಿನಲ್ಲಿ ಸಾಲು ಬಾಯಿಗಳು. ಆ ಬಾಯಿಗಳಿಂದ ಗಾಳಿ ಒಳನುಗ್ಗಿ ಕೋಣೆಗಳು ಉಬ್ಬಿದರೆ ಚೀಲದಂತೆ ಬಿದ್ದಿದ್ದ ಬಟ್ಟೆ ವಿಮಾನದ ರೆಕ್ಕೆಯ ಆಕಾರ ತಾಳುತ್ತದೆ. ಇಂಥ ರೆಕ್ಕೆ ಎತ್ತುವ ಬಲ ಅದರ ಹರವಿಗೆ ತಕ್ಕಂತೆ ಹೆಚ್ಚುತ್ತದೆ, ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ರಾಮನಗರದ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕಿಲೋ ತೂಗುತ್ತದೆ ಎಂದು ಹಿಡಿದರೆ, ಎಂಟು ಚದರ ಮೀಟರಿನ ಒಳ್ಳೆಯ ಪಟ ಗಂಟೆಗೆ 20 ಕಿ.ಮೀ. ಗಾಳಿಯಲ್ಲಿ ನಿಂತಲ್ಲೇ ನಿಂತು ಸುಮಾರು 14 ಕಿಲೋ ತೂಕದಷ್ಟು ಎಳೆಯುತ್ತದೆ, ಅರ್ಧ ಮೂಟೆ ರಾಗಿಗಿಂತಲೂ ಕಡಿಮೆ. ಗಾಳಿ 30ಕ್ಕೆ ಏರಿದರೆ ಎಳೆತ 31 ಕಿಲೋ. 40 ಆದರೆ 56 ಕಿಲೋ, 60 ಆದರೆ 125 ಕಿಲೋ. ಗಾಳಿ ಎರಡರಷ್ಟಾದಾಗ ಎಳೆತವೂ ಎರಡರಷ್ಟಾಗುತ್ತದೆ ಎಂದು ಕೈ ಲೆಕ್ಕ ಹಾಕುತ್ತದೆ, ಆಗುವುದು ನಾಲ್ಕರಷ್ಟು. ಅನಿರೀಕ್ಷಿತ ಎಂಬ ಮಾತು ಹುಟ್ಟುವುದು ಈ ಅಂತರದಲ್ಲಿ.

ಇಷ್ಟೇ ಆಗಿದ್ದರೆ ಗಾಳಿ ಜೋರಾದ ದಿನ ಪಟ ಮಡಚಿಟ್ಟು ಮನೆಗೆ ಹೋದರೆ ಮುಗಿಯುತ್ತಿತ್ತು. ಆದರೆ ಪಟ ನಿಂತಲ್ಲೇ ನಿಲ್ಲುವುದಿಲ್ಲ. ಎರಡು ಅಥವಾ ನಾಲ್ಕು ದಾರದ ಪಟವನ್ನು ಗಾಳಿಗೆ ಅಡ್ಡಲಾಗಿ ಓಡಿಸಬಹುದು. ಓಡುವಾಗ ಅದು ಬೀಸುಗಾಳಿಯ ಎರಡು ಮೂರು ಪಟ್ಟು ವೇಗ ಪಡೆಯುತ್ತದೆ. ಆಗ ಅದರ ಮುಖಕ್ಕೆ ಹೊಡೆಯುವುದು ಬೀಸುತ್ತಿರುವ 20 ಕಿ.ಮೀ. ಗಾಳಿಯಲ್ಲ, ಓಟದಿಂದ ತಾನೇ ಹುಟ್ಟಿಸಿಕೊಂಡ 60 ಕಿ.ಮೀ. ಗಾಳಿ. ಮೂರು ಪಟ್ಟು ವೇಗ ಅಂದರೆ ಒಂಬತ್ತು ಪಟ್ಟು ಬಲ: 14 ಕಿಲೋ ಇದ್ದದ್ದು 125 ಕಿಲೋ. ಕ್ಯಾಲಿಫೋರ್ನಿಯಾದ ಮೈಲ್ಸ್ ಲಾಯ್ಡ್ 1980ರಲ್ಲಿ ಇದೇ ಗುಣವನ್ನು ಲೆಕ್ಕ ಹಾಕಿ, ಹೀಗೆ ಅಡ್ಡ ಓಡುವ ಪಟಗಳಿಂದ ವಿದ್ಯುತ್ ತೆಗೆಯಬಹುದು ಎಂದು ತೋರಿಸಿದರು. ಮೈದಾನದಲ್ಲಿ ನಿಂತವನಿಗೆ ಈ ಲೆಕ್ಕ ಬೇರೆ ರೂಪದಲ್ಲಿ ಎದುರಾಗುತ್ತದೆ. ಪಟ ಮುಂದೆ, ತಗ್ಗಿನಲ್ಲಿ ಇರುವಾಗ ಎಳೆತ ನೆಲದ ಉದ್ದಕ್ಕೆ. ಅವನು ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಬೇಕಾದರೆ ನಾಲ್ಕು ಹೆಜ್ಜೆ ಜಾರಿ ತಡೆದುಕೊಳ್ಳುತ್ತಾನೆ. ಅದೇ ಪಟ ವೇಗ ಹಿಡಿದು ನೆತ್ತಿಯ ಕಡೆಗೆ ಏರಿತೆಂದರೆ ಎಳೆತ ಮೇಲ್ಮುಖವಾಗುತ್ತದೆ. ಅಂಗಾಲಿನ ಮೇಲಿನ ಭಾರ ಇಳಿಯುತ್ತದೆ, ಭಾರವಿಲ್ಲದ ಕಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಊರಲು ಏನೂ ಉಳಿದಿಲ್ಲ ಎಂದು ತಿಳಿಯುವಷ್ಟರಲ್ಲಿ ಕಾಲು ಗಾಳಿಯಲ್ಲಿರುತ್ತದೆ. ಬೀಸುಗಾಳಿ ಆಗಲೂ ಎಲೆ ಕಡ್ಡಿ ಅಲುಗಿಸುವಷ್ಟೇ ಇರಬಹುದು.

ಇನ್ನು ಗಾಳಿ ಯಾವಾಗಲೂ ನೆಲಕ್ಕೆ ಸಮನಾಗಿ ಬೀಸುತ್ತದೆ ಎಂಬ ನಂಬಿಕೆ. ಇದು ಎಷ್ಟು ತಪ್ಪು ಎಂದು ತಿಳಿಯಲು ರಾಮನಗರಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಈ ಸೀಮೆಯ ಬೆಟ್ಟಗಳೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆದರು. ಮಾಗಡಿಯ ಬಳಿ 1226 ಮೀಟರ್ ಎತ್ತರಕ್ಕೆ ನಿಂತ ಸಾವನದುರ್ಗವೂ ಅದೇ ಕಲ್ಲು. ಬೋಳು ಬಂಡೆ ಬಿಸಿಲಿಗೆ ಕಾದು ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಹಗುರಾದ ಗಾಳಿ ಕಂಬದಂತೆ ಮೇಲೇಳುತ್ತದೆ. ಅದರ ಜೊತೆಗೆ, ಬೀಸುಗಾಳಿ ಕಡಿದಾದ ಬಂಡೆಗೆ ಡಿಕ್ಕಿ ಹೊಡೆದು ಮೇಲ್ಮುಖವಾಗಿ ತಿರುಗುತ್ತದೆ, ಬಂಡೆಯ ಮರೆಯಲ್ಲಿ ಸುಳಿಯಾಗುತ್ತದೆ. ಕಣ್ಣಿಗೆ ಕಾಣದ ಈ ಏರುಗಾಳಿಯನ್ನು ಕಾಣಿಸಿಕೊಡುವುದು ರಾಮದೇವರಬೆಟ್ಟದ ಉದ್ದಕೊಕ್ಕಿನ ರಣಹದ್ದು. ಆರು ಕಿಲೋ ಆಸುಪಾಸಿನ ಮೈ, ಎರಡು ಮೀಟರ್ ಮೀರುವ ರೆಕ್ಕೆ. ಇಷ್ಟು ಭಾರದ ಹಕ್ಕಿ ರೆಕ್ಕೆ ಬಡಿದು ಬಡಿದೇ ದಿನವಿಡೀ ಆಹಾರ ಹುಡುಕಿದರೆ ಸಿಕ್ಕ ಆಹಾರ ಹಾರಾಟಕ್ಕೇ ಸಾಲದು. ಆದ್ದರಿಂದ ಬಿಸಿಲೇರುವವರೆಗೆ ಬಂಡೆಯ ಚಾಚಿನಲ್ಲಿ ಕುಳಿತಿದ್ದು, ಗಾಳಿ ಏಳತೊಡಗಿದ ಮೇಲೆ ರೆಕ್ಕೆ ಚಾಚಿ ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ರಣಹದ್ದು ವೃತ್ತ ಹಾಕುತ್ತಿದ್ದರೆ ಅಲ್ಲಿ ಗಾಳಿ ಮೇಲಕ್ಕೆ ಹರಿಯುತ್ತಿದೆ ಎಂದೇ ಅರ್ಥ. ಪಟಕ್ಕೂ ಅದೇ ಗಾಳಿ. ಗಂಟೆಗೆ 20 ಕಿ.ಮೀ. ಬೀಸುಗಾಳಿಯ ಒಳಗೆ ಸೆಕೆಂಡಿಗೆ ಎರಡು ಮೀಟರಿನ ಏರುಗಾಳಿ ಸೇರಿದರೆ ಪಟಕ್ಕೆ ತಾಗುವ ಗಾಳಿಯ ದಿಕ್ಕು ಸುಮಾರು 20 ಡಿಗ್ರಿ ಮೇಲಕ್ಕೆ ತಿರುಗುತ್ತದೆ. ಅಳತೆಗೋಲಿನಲ್ಲಿ ಗಾಳಿ ಹೆಚ್ಚಾದಂತೆಯೇ ಕಾಣುವುದಿಲ್ಲ, ಆದರೆ ಎಳೆತ ಆಕಾಶದ ಕಡೆಗೆ ಹೊರಳಿರುತ್ತದೆ.

ಹಾಗಿದ್ದರೆ ಇದೇ ಗಾಳಿಯಲ್ಲಿ ದಿನವೂ ಬದುಕುವ ಹಕ್ಕಿಗೆ ಏಕೆ ಅಪಾಯವಿಲ್ಲ? ಕಾಲಿನ್ ಪೆನಿಕ್ವಿಕ್ ಎಂಬ ವಿಜ್ಞಾನಿ ಪೂರ್ವ ಆಫ್ರಿಕದಲ್ಲಿ ಎಂಜಿನ್ ಇರುವ ಗ್ಲೈಡರ್ ಏರಿ ಬಿಳಿಬೆನ್ನಿನ ರಣಹದ್ದುಗಳ ಜೊತೆಜೊತೆಗೇ ಹಾರಿ ಅವುಗಳ ಹಾರಾಟವನ್ನು ಅಳೆದರು. ಆ ಹಕ್ಕಿಗೆ 5.4 ಕಿಲೋ ತೂಕ, 0.69 ಚದರ ಮೀಟರ್ ರೆಕ್ಕೆ. ಅಂದರೆ ಒಂದು ಚದರ ಮೀಟರ್ ರೆಕ್ಕೆಗೆ ಎಂಟು ಕಿಲೋಗೆ ಸ್ವಲ್ಪ ಕಡಿಮೆ ಭಾರ. ಅರವತ್ತು ಕಿಲೋ ಮನುಷ್ಯ ಎಂಟು ಚದರ ಮೀಟರ್ ಪಟ ಹಿಡಿದರೆ ಬರುವ ಲೆಕ್ಕ ಏಳೂವರೆ ಕಿಲೋ. ಭಾರಕ್ಕೂ ರೆಕ್ಕೆಗೂ ಇರುವ ಅನುಪಾತದಲ್ಲಿ ಅವನಿಗೂ ರಣಹದ್ದಿಗೂ ವ್ಯತ್ಯಾಸವೇ ಇಲ್ಲ! ವ್ಯತ್ಯಾಸ ಬೇರೆಡೆ ಇದೆ. ರಣಹದ್ದು ಎತ್ತುವ ಬಲ ಬೇಡವಾದ ತಕ್ಷಣ ರೆಕ್ಕೆಯನ್ನು ಮಡಚುತ್ತದೆ, ಕಾಲುಗಳನ್ನು ಕೆಳಕ್ಕೆ ಇಳಿಬಿಟ್ಟು ವೇಗ ಮುರಿಯುತ್ತದೆ. ರೆಕ್ಕೆಯೂ ಅದನ್ನು ನಡೆಸುವ ನರವೂ ಒಂದೇ ಮೈಯಲ್ಲಿವೆ. ಮೇಲಾಗಿ ಅದು ಗಾಳಿಯ ಜೊತೆಗೇ ಸಾಗುತ್ತದೆ, ಯಾವ ಗೂಟಕ್ಕೂ ಕಟ್ಟಿಕೊಂಡಿಲ್ಲ. ಪಟದವನ ರೆಕ್ಕೆ ಇಪ್ಪತ್ತು ಮೂವತ್ತು ಮೀಟರ್ ಆಚೆ ಇದೆ, ಅಲ್ಲಿ ಗಾಳಿ ಬದಲಾದ ಸುದ್ದಿ ಅವನಿಗೆ ತಲುಪುವುದು ಎಳೆತದ ರೂಪದಲ್ಲೇ. ಸುದ್ದಿ ಬಂದಾಗ ಕೈ ಮಾಡುವ ಮೊದಲ ಕೆಲಸ ಇನ್ನಷ್ಟು ಬಿಗಿ ಹಿಡಿಯುವುದು. ಮೈ ಮೇಲೇಳುತ್ತಿದ್ದರಂತೂ ಬೆರಳುಗಳದು ಉಡದ ಪಟ್ಟು. ಜಾಫ್ನಾದವನೂ ಮಾಡಿದ್ದು ಅದನ್ನೇ, ಅದಕ್ಕಾಗಿ ಅವನನ್ನು ದೂರುವಂತಿಲ್ಲ. ಪವರ್ ಕೈಟ್ ತಯಾರಿಸುವವರು ಈ ಸ್ವಭಾವ ಬಲ್ಲವರಾದ್ದರಿಂದಲೇ ಪಟದ ಹಿಂದಂಚಿಗೆ ಬ್ರೇಕ್ ದಾರ ಜೋಡಿಸಿ ಅದರ ತುದಿಯನ್ನು ಮಣಿಕಟ್ಟಿನ ಪಟ್ಟಿಗೆ ಸಿಕ್ಕಿಸಿದರು. ಹಿಡಿಕೆಗಳನ್ನು ಕೈಬಿಟ್ಟರೆ ಎಳೆತವೆಲ್ಲ ಬ್ರೇಕ್ ದಾರಕ್ಕೆ ಬಿದ್ದು ಪಟ ಬಾವುಟದಂತೆ ಪಟಪಟ ಬಡಿದುಕೊಂಡು ಕುಸಿಯುತ್ತದೆ. ಈ ಯಂತ್ರದಲ್ಲಿ ಜೀವ ಉಳಿಸುವ ಭಾಗ ಯಾವುದೆಂದರೆ ಕೈಬಿಡಲು ಇಟ್ಟಿರುವ ಏರ್ಪಾಡು.

ನಮ್ಮ ಹಿರಿಯರು ತಲೆಮಾರುಗಳಿಂದ ಆಷಾಢದ ಗಾಳಿಗೆ ಪಟ ಹಾರಿಸುತ್ತ ಬಂದಿಲ್ಲವೇ, ದೊಡ್ಡಬಳ್ಳಾಪುರದಲ್ಲಿ ಸ್ಪರ್ಧೆಗಳೇ ನಡೆಯುವುದಿಲ್ಲವೇ, ಯಾರನ್ನು ಎತ್ತಿಕೊಂಡು ಹೋಯಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಲು ಚದರ ಮೀಟರಿನ ಪಟ 40 ಕಿ.ಮೀ. ಗಾಳಿಯಲ್ಲೂ ಎರಡು ಕಿಲೋ ಎಳೆಯಲಾರದು. ಅದಕ್ಕಿಂತ ಮುಖ್ಯವಾಗಿ, ಆ ಪಟಗಳಲ್ಲಿ ತಾನಾಗಿಯೇ ಒಂದು ಫ್ಯೂಸ್ ಇತ್ತು: ಎಳೆತ ಮಿತಿ ಮೀರಿದರೆ ಕಾಗದ ಹರಿಯುತ್ತಿತ್ತು, ಕಡ್ಡಿ ಮುರಿಯುತ್ತಿತ್ತು, ಹತ್ತಿ ದಾರ ತುಂಡಾಗುತ್ತಿತ್ತು. ಪಟ ಹೋಯಿತೆಂದು ಮಕ್ಕಳು ಅತ್ತರೂ ಕಾಲು ನೆಲದ ಮೇಲೇ ಇರುತ್ತಿತ್ತು. ಚನ್ನಪಟ್ಟಣ, ರಾಮನಗರದವರಿಗೆ ನೂಲಿನ ಗಟ್ಟಿತನ ಹೇಳಿಕೊಡಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟ್ ಬಟ್ಟೆಗೆಂದೇ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಏರಿತ್ತು. ಇಂದಿನ ಪವರ್ ಕೈಟ್ ದಾರ ವಿಶೇಷ ಪಾಲಿಥಿಲೀನ್ ಎಳೆಗಳದು, ಅಷ್ಟೇ ತೂಕದ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಫ್ಯೂಸ್ ತೆಗೆದು ತಾಮ್ರದ ಕಂಬಿ ಹಾಕಿದ ಹಾಗಾಯಿತು. ಅನುಭವ ಇದ್ದವರಿಗೆ ಇದೆಲ್ಲ ತಟ್ಟದು ಎಂಬುದು ಇನ್ನೊಂದು ಮಾತು. ಅನುಭವಿ ಗಾಳಿಗೆ ತಕ್ಕ ಪಟ ಆರಿಸುತ್ತಾನೆ, ಪಟವನ್ನು ನೆತ್ತಿಯ ಮೇಲೆ ಸುಮ್ಮನೆ ನಿಲ್ಲಿಸಿಕೊಂಡು ಇರುವುದಿಲ್ಲ, ನಿಜ. ಆದರೆ ಎಳೆತ ಎರಡರಷ್ಟಾಗಲು ಗಾಳಿ ಶೇಕಡ 41ರಷ್ಟು ಏರಿದರೆ ಸಾಕು, ಒಂದೇ ಬೀಸು ಅಷ್ಟು ಏರಿಸಬಲ್ಲದು, ಯೋಚಿಸಿ ಕೈ ಆಡಿಸಲು ಅಷ್ಟು ಹೊತ್ತು ಸಿಗುವುದಿಲ್ಲ. ಅನುಭವ ನೆರವಾಗುವುದು ಪಟ ಬಿಚ್ಚುವ ಮುನ್ನ. ಹಾಗಾದರೆ ಮೈಯನ್ನೇ ಮರಕ್ಕೋ ಜೀಪಿಗೋ ಕಟ್ಟಿಕೊಂಡರೆ ಎನ್ನುವವರೂ ಉಂಟು. ಅದು ಎಲ್ಲಕ್ಕಿಂತ ಕೆಟ್ಟ ಉಪಾಯ. ಕಟ್ಟಿದ ಪಟ ಮುಂದಕ್ಕೆ ಜರುಗಿ ಬಲವನ್ನು ಕಳೆದುಕೊಳ್ಳುವ ದಾರಿಯೂ ಮುಚ್ಚಿ, ಎಳೆತವೆಲ್ಲ ನಡುವೆ ಸಿಕ್ಕ ಮನುಷ್ಯನ ಮೈಮೇಲೆ ಬೀಳುತ್ತದೆ.

ದೊಡ್ಡ ಪಟ ಹಾರಿಸುವ ಆಸೆ ಒಳ್ಳೆಯದೇ; ಗಾಳಿಯನ್ನು ಇಷ್ಟು ನೇರವಾಗಿ ಕೈಯಲ್ಲಿ ಹಿಡಿದು ನೋಡುವ ಆಟ ಮತ್ತೊಂದಿಲ್ಲ. ಹಾರಿಸುವವರು ಬಂಡೆ, ಕಟ್ಟಡ, ವಿದ್ಯುತ್ ತಂತಿಗಳಿಂದ ದೂರದ ಬಯಲನ್ನು ಆರಿಸಿಕೊಳ್ಳಿ, ಮೊದಲ ದಿನ ಚಿಕ್ಕ ಪಟದಿಂದ ತೊಡಗಿ, ಹಿಡಿಕೆ ಕೈಬಿಡುವುದನ್ನು ಹತ್ತಾರು ಸಲ ಬೇಕೆಂದೇ ಅಭ್ಯಾಸ ಮಾಡಿ. ದಾರವನ್ನು ಅಂಗೈಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ, ಮಕ್ಕಳನ್ನು ಬಾಲಂಗೋಚಿಯ ಹತ್ತಿರ ಬಿಡಬೇಡಿ. ರಾಮದೇವರಬೆಟ್ಟದ ಸುತ್ತ ಮಾತ್ರ ಯಾವ ಪಟವೂ ಬೇಡ, ಕಾಗದದ ಚಿಕ್ಕ ಪಟವೂ ಬೇಡ. 2012ರಲ್ಲಿ ರಣಹದ್ದುಗಳಿಗೆಂದು ಘೋಷಿಸಿದ ಆ 346 ಹೆಕ್ಟೇರ್ ಧಾಮದಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು, ಮತ್ತು ಅವು ಮೇಲೇರಲು ನೆಚ್ಚಿರುವ ಗಾಳಿಯಲ್ಲಿ ಒಂದೇ ಒಂದು ದಾರ ಅಡ್ಡ ನಿಂತರೂ ರೆಕ್ಕೆ ಕತ್ತರಿಸೀತು.