ಕುಕ್ಕರ್ ಎಷ್ಟು ಸಲ ಕೂಗಬೇಕು?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: "ಹುರುಳಿಕಾಳಿಗೆ ಎಷ್ಟು ವಿಷಲ್ ಕೂಗಿಸಬೇಕು ಸಾರ್? ಅತ್ತೆ ಆರು ಅಂತಾರೆ, ನಮ್ಮಮ್ಮ ನಾಲ್ಕೇ ಸಾಕು ಅಂತಾರೆ." ಇಬ್ಬರ ಅಡುಗೆಮನೆಯಲ್ಲೂ ಕಾಳು ಚೆನ್ನಾಗಿಯೇ ಬೆಂದಿರುತ್ತದೆ. ಎಣಿಸಬೇಕಾದ್ದು ಮಾತ್ರ ಕೂಗನ್ನಲ್ಲ, ನಿಮಿಷವನ್ನು.

ವಿಷಲ್ ಅಂದರೆ ಆವಿಯ ಕಿಂಡಿಯ ಮೇಲೆ ಕೂತ ಒಂದು ತೂಕ. ಒಳಗಿನ ಒತ್ತಡ ಅದನ್ನು ಎತ್ತುವಷ್ಟಾದಾಗ ಎದ್ದು ಕೂಗುತ್ತದೆ, ಒತ್ತಡ ಇಳಿದರೆ ಕೂರುತ್ತದೆ. ಆಗ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದರಾಚೆ ಹೋಗದು. ಕುಕ್ಕರಿನಲ್ಲೂ ಹಾಗೆಯೇ. ಒಮ್ಮೆ 120 ಮುಟ್ಟಿದ ಮೇಲೆ ಉರಿ ಏರಿಸಿದರೆ ಕೂಗು ಹೆಚ್ಚೀತು, ಕಾಳಿಗೆ ತಾಕುವ ಬಿಸಿ ಹೆಚ್ಚದು. ಬುಸ್ಸೆಂದು ಹೋಗುವ ಆವಿಯಾದರೋ ಬಲು ದುಬಾರಿ. ಒಂದು ಗ್ರಾಂ ನೀರನ್ನು ಆವಿಯಾಗಿಸುವ ಶಾಖದಲ್ಲಿ ಏಳು ಗ್ರಾಂ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಸಿಲಿಂಡರಿನ ದುಡ್ಡು ಕಿಂಡಿಯಿಂದಲೇ ಹಾರಿಹೋಗುತ್ತಿರುತ್ತದೆ.

ಈ ಯಂತ್ರ ಹುಟ್ಟಿದ್ದೇ ಅಗ್ಗದ ಊಟಕ್ಕಾಗಿ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿದ್ದಾಗ ಭದ್ರ ಮುಚ್ಚಳದ ಲೋಹದ ಪಾತ್ರೆಯೊಂದನ್ನು ಮಾಡಿದ. ಎಸೆಯುವ ಮೂಳೆಯನ್ನೂ ಮೆತ್ತಗಾಗಿಸಿ ಸತ್ವ ತೆಗೆಯಬೇಕು ಎಂಬುದು ಅವನ ಹಂಬಲ. ಪಾತ್ರೆ ಸಿಡಿಯದಿರಲೆಂದು ಕಿಂಡಿಯ ಮೇಲೊಂದು ತೂಕ ಹೇರಿದ. ನಮ್ಮ ವಿಷಲ್ ಅದರದೇ ವಂಶ. ನನಗೆ ಎಲ್ಲಕ್ಕಿಂತ ಬೆರಗೆನಿಸುವುದು ಅವನು ಬಿಸಿ ಅಳೆದ ರೀತಿ. ಮುಚ್ಚಳದ ಮೇಲೆ ಒಂದು ಹನಿ ನೀರು ಬಿಡುತ್ತಿದ್ದ. ಅದು ಆರುವಷ್ಟರಲ್ಲಿ ದಾರಕ್ಕೆ ಕಟ್ಟಿದ ಗುಂಡು ಎಷ್ಟು ಸಲ ತೂಗಿತು ಎಂದು ಎಣಿಸುತ್ತಿದ್ದ. ಮೊತ್ತಮೊದಲ ಕುಕ್ಕರಿನ ಮುಂದೆ ನಿಂತವನು ನಂಬಿದ್ದು ಸಮಯವನ್ನು! 1682ರ ಏಪ್ರಿಲಿನಲ್ಲಿ ರಾಯಲ್ ಸೊಸೈಟಿಯ ಸದಸ್ಯರು ಅದರಲ್ಲೇ ಬೇಯಿಸಿದ್ದನ್ನು ಉಂಡರು.

ಇನ್ನು "ಕುಕ್ಕರಿನಲ್ಲಿ ಬೇಯಿಸಿದರೆ ಸತ್ವ ಸಾಯುತ್ತದೆ" ಎನ್ನುವ ಮಾತು. ಮದುವೆಮನೆಯಿಂದ ಮೊಬೈಲಿನವರೆಗೆ ಎಲ್ಲೆಡೆ ಕೇಳಿ ನನಗೆ ರೇಗಿಹೋಗಿದೆ. ಯಾವ ಅಡುಗೆಯಲ್ಲೂ ವಿಟಮಿನ್ ಒಂದಿಷ್ಟು ನಷ್ಟವಾಗುತ್ತದೆ; ಬೇಯುವ ಹೊತ್ತು ಕಡಿಮೆಯಾದಷ್ಟೂ ಉಳಿತಾಯ ಹೆಚ್ಚು. ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇದೆ, ಅರೆಬೆಂದರೆ ವಾಂತಿ ಗ್ಯಾರಂಟಿ. ಅದು ನಾಶವಾಗಲು ಚೆನ್ನಾಗಿ ಕುದಿಯುವ ಬಿಸಿಯಾದರೂ ಬೇಕು. ನಿಜವಾದ ನಷ್ಟ ಆಗುವುದು ಬೇಯಿಸಿದ ನೀರನ್ನು ಚೆಲ್ಲಿದಾಗ, ಬೇಗ ಬೇಯಲೆಂದು ಸೋಡಾ ಉದುರಿಸಿದಾಗ. ಬಿ ವಿಟಮಿನ್ನುಗಳು ನೀರಿಗೆ ಇಳಿಯುತ್ತವೆ, ಥಯಾಮಿನ್ನನ್ನು ಸೋಡಾ ಹಾಳುಮಾಡುತ್ತದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನೇ ಬಸ್ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುವ ನಮ್ಮ ಹಳ್ಳಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಸನದ ತಾಯಿಗೆ ನನ್ನ ಮನೆಯ ಲೆಕ್ಕ: ಹುರುಳಿಕಾಳು ರಾತ್ರಿ ನೆನೆಯಲಿ. ದೊಡ್ಡ ಉರಿಯಲ್ಲಿ ಒಂದು ಕೂಗು, ಆಮೇಲೆ ಕೂಗೂ ಬಾರದಷ್ಟು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಒಲೆ ಆರಿಸಿ, ಆವಿ ತಾನಾಗಿ ಇಳಿಯಲು ಬಿಡಿ. ಹುಣಸೆರಸ ಮುಚ್ಚಳ ತೆಗೆದ ಮೇಲೆಯೇ ಹಾಕಿ. ಮೊದಲೇ ಹುಳಿ ಬಿದ್ದರೆ ಕಾಳಿನೊಳಗಿನ ಪೆಕ್ಟಿನ್ ಸುಲಭಕ್ಕೆ ಕರಗದು. ಆಗ ಅತ್ತೆಯ ಆರು ಕೂಗೂ ಸಾಲುವುದಿಲ್ಲ.